ಚೌರಪ್ಪ ಮೇಷ್ಟ್ರ ‘ದೊರೆ’

ಲಕ್ಷ್ಮೀಪುರಂ ಬಸ್ ಸ್ಟಾಪಿನ ಸಾಲಿನಲ್ಲಿ ಚೆಲುವರಾಜುವಿನ ಮುಂದೆಯೇ ಅವನ ಮಿಡ್ಲ್ ಸ್ಕೂಲಿನ ಚೌರಪ್ಪ ಮೇಷ್ಟ್ರು ನಿಂತಿದ್ದರು. ಅದೇ ಮುಚ್ಚುಕೋಟು, ಪಕ್ಕದಲ್ಲಿ ಹೆಂಡತಿ ಅಗ್ನೆಸಮ್ಮ. ಇಬ್ಬರೂ ಇವನ ಕಡೆ ತಿರುಗಿರಲಿಲ್ಲ.

“ಮದುವೆ ಮನೇಲಿ ನಾನೇ ಮುಂದೆ ಹೋಗ್ತೀನಿ,” ಎಂದರು ಅಗ್ನೆಸಮ್ಮ. “ಎಲ್ರನ್ನೂ ಹೆಸರು ಹಿಡಿದು ಮಾತಾಡಿಸ್ತೀನಿ. ನೀವು ಕೇಳಿಸ್ಕೊಂಡು ಆಮೇಲೆ ಮಾತಾಡಿ.”

“ನಿನಗೂ ಗೊತ್ತಿಲ್ದೋರು ಬಂದ್ರೆ?”

“ಎಂದಿನ ಹಾಗೆ ದೊರೆ ಅಂದ್ಬುಡಿ. ಖುಷಿ ಪಡ್ತಾರೆ.”

“ಮೊನ್ನೆ ಮಾರ್ಕೆಟ್ಟಲ್ಲಿ ಒಬ್ಬ ಒಪ್ಲಿಲ್ಲ ಕಣೆ. ಕೈ ಹಿಡ್ಕೊಂಡು, ನಾನ್ಯಾರು ಹೇಳಿ ನೋಡೋಣ ಮೇಷ್ಟ್ರೇ ಅಂತ ಜನರ ಮುಂದೆ ನಿಲ್ಲಿಸ್ಬುಟ್ಟ.”

“ಯಾರವನು?”

“ಅದು ಗೊತ್ತಿದ್ರೆ ಅಲ್ಲೇ ಹೇಳ್ತಿರ್ಲಿಲ್ವೇನೆ. ಕಿಟಕಿ ಪಕ್ಕ ಕೂರ್ತಿದ್ದ, ಅಕ್ಷರ ದುಂಡಗಿತ್ತು. ಅದೆಲ್ಲ ನೆನಪಿದೆ. ಹೆಸರೊಂದು ಬರ್ಲಿಲ್ಲ. ಅವನು ನಗ್ತಾನೇ ಇದ್ದ.”

ಹೌದು, ಚೆಲುವರಾಜು ನಕ್ಕಿದ್ದ. ಅದನ್ನು ಹೋಟೆಲಿನಲ್ಲಿ ಗೆಳೆಯರಿಗೂ ಹೇಳಿ ನಗಿಸಿದ್ದ. ಈಗ ಅವನಿಗೆ ನಿಂತಲ್ಲೇ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಬಸ್ಸು ಬಂತು. ಮೆಟ್ಟಿಲ ಮೇಲೆ ಮೇಷ್ಟ್ರು ಹಿಂದಕ್ಕೆ ತಿರುಗಿ ಅವನನ್ನು ಕಂಡು ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿದರು. ಆಕೆ ಇವನನ್ನು ಹಿಂದೆಂದೂ ಕಂಡವರಲ್ಲ. ತನ್ನ ಹೆಸರು ತಾನು ಹೇಳಿದ್ದರೆ ಸಾಕಿತ್ತು.

“ಬಾ ದೊರೆ, ಹತ್ತು. ಜಾಗ ಇದೆ,” ಎಂದು ಮೇಷ್ಟ್ರು ಪಕ್ಕಕ್ಕೆ ಸರಿದರು.

ಮುಂದಿನ ಬಸ್ಸಿಗೆ ಬರುತ್ತೇನೆಂದು ಅವನು ಕೈಸನ್ನೆ ಮಾಡಿದ.