ಕಲಿಸಲು ಹೊರಟ ಡಾಕ್ಟರು

“ಇನ್ನ ನಮ್ಮನ್ನ ಯಾರು ನೋಡಬೇಕು?”

ಡಾಕ್ಟರ್ ದ್ವಾರಕಾನಾಥರು ಈ ತಿಂಗಳ ಕೊನೆಗೆ ರೋಗಿಗಳನ್ನು ನೋಡುವುದನ್ನು ನಿಲ್ಲಿಸುತ್ತಾರೆಂದು ಯೂನಿಯನ್ ಸಿಟಿಯ ಕ್ಲಿನಿಕ್ಕಿನಲ್ಲಿ ನೋಟೀಸು ಹಾಕಿತ್ತು. ಖಾಲಿದಾ ಗೋಡೆಯನ್ನೇ ಕೇಳಿದಂತೆ ಕೇಳಿದರು. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತ ಮನಸ್ಸಿನೊಳಗೇ ಸ್ತೋತ್ರ ಹೇಳಿಕೊಳ್ಳುತ್ತಿದ್ದ ರಂಜನಿಗೆ ಮುಂದಿನ ಸಾಲು ಮರೆತುಹೋಯಿತು. ಅಷ್ಟರಲ್ಲಿ ಡಾಕ್ಟರೇ ಹೊರಬಂದರು. ಖಾಲಿದಾ ಅವರತ್ತ ತಿರುಗಿದರು.

“ಸಾಹೇಬ್ರ, ಹೊಸ ಡಾಕ್ಟರು ಸಿಗೋದು ಏಳು ತಿಂಗಳಿಗಂತ. ನನ್ನ ಶುಗರು ಅಲ್ಲೀತನಕ ಕಾಯ್ತದೇನು?”

“ಡಾಕ್ಟರುಗಳು ಕಮ್ಮಿ ಅಂತಾನೇ ಕಲಿಸೋಕೆ ಹೋಗ್ತಿರೋದಮ್ಮಾ. ಫ್ಯಾಮಿಲಿ ಡಾಕ್ಟರಾಗೋ ಟ್ರೈನಿಂಗಿಗೆ ಆರು ಜನ ಸೇರಿದಾರೆ. ಪೂರ್ತಿ ಹೊತ್ತು ಕಲಿಸೋರಿಲ್ದಿದ್ರೆ ಆ ಸೀಟುಗಳೇ ರದ್ದಾಗ್ತವೆ.”

“ಅವರು ಕಲ್ತು ಬರೋದು ಯಾವಾಗ?”

“ಮೂರು ವರ್ಷ.”

“ಅಷ್ಟೊತ್ತಿಗೆ ನಾ ಇರ್ತೀನೋ ಇಲ್ಲೋ.”

“ಹೊಸ ಡಾಕ್ಟರು ಸಿಗೋವರೆಗೂ ಇಲ್ಲಿನ ನರ್ಸ್ ನಿರುಪಮಾ ನಿಮ್ಮನ್ನ ನೋಡ್ತಾರೆ.”

“ಆಕಿ ಕಂಪ್ಯೂಟರ್ ಮಾರಿ ನೋಡ್ತಾಳ, ನನ್ನ ಮಾರಿ ನೋಡಂಗಿಲ್ಲ. ನನ್ನ ಹದಿನಾಲ್ಕು ವರ್ಷದ ಕಥಿ ನಿಮಗ ಗೊತ್ತು. ನನ್ನೊಬ್ಬಾಕಿನ್ನ ನೋಡ್ರಿ. ನಿಮ್ಮ ಮನೀಗೇ ಬರ್ತೀನಿ.”

ರಂಜನಿಯ ನಾಲಿಗೆಯ ತುದಿಯಲ್ಲೂ ಅದೇ ಬೇಡಿಕೆಯಿತ್ತು. ಅವಳು ತಲೆ ತಗ್ಗಿಸಿ ಕಾದಳು.

“ಇಲ್ಲಮ್ಮಾ,” ಎಂದರು ಡಾಕ್ಟರು. “ನಿಮ್ಮೊಬ್ರನ್ನ ನೋಡಿದ್ರೆ ಎಲ್ಲರನ್ನೂ ನೋಡಬೇಕಾಗುತ್ತೆ. ನಾನು ನೋಡಲ್ಲ.”