ಆ ತಾರೀಖಿನ ಐದನೆಯ ಸಂಗತಿ

ರಾತ್ರಿ ಹನ್ನೆರಡೂ ಇಪ್ಪತ್ತು. ಅಣ್ಣ, ಅತ್ತಿಗೆ ಇಬ್ಬರೂ ಮನೆಗೆ ನಡೆದು ಹೋಗುತ್ತಿದ್ದರು. ಬಸ್ ಡಿಪೋದ ಗೋಡೆ ಮುಗಿದು, ಮುಚ್ಚಿಹೋದ ಪ್ರೆಸ್ಸಿನ ಗೋಡೆ ಶುರುವಾಗುವ ಮುಂಚೆ ಒಂದು ಹಳೇ ಬಾವಿ ಇದೆ. ಅದನ್ನು ದಾಟುವಾಗ ಅತ್ತಿಗೆ ನಿಂತುಬಿಟ್ಟರು.

"ರೀ... ಕೇಳಿಸ್ತಾ?"

ಇಲ್ಲಿ ಸ್ವಲ್ಪ ತಡೆಯಬೇಕು. ಇವರು ಯಾರು, ಅಷ್ಟು ಹೊತ್ತಲ್ಲಿ ಅಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಣ್ಣ ಅಂದರೆ ನನ್ನ ದೊಡ್ಡಮ್ಮನ ಮಗ. ರೇಡಿಯೋದಲ್ಲಿ ಮಾತಾಡುವುದು ಅವನ ಕೆಲಸ. ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಅವರ ಪಾಳಿಯೂ ಹನ್ನೆರಡಕ್ಕೆ ಮುಗಿಯುತ್ತದೆ, ಅಣ್ಣನ ಕಾರ್ಯಕ್ರಮವೂ ಹನ್ನೆರಡಕ್ಕೆ ಮುಗಿಯುತ್ತದೆ. ಹಾಗಾಗಿ ಲಾಂಡ್ರಿ ಗೇಟಿನ ಹತ್ತಿರ ಸೇರಿ ಜೊತೆಯಲ್ಲಿ ನಡೆದು ಬರುತ್ತಿದ್ದರು. ಇಪ್ಪತ್ತೈದು ನಿಮಿಷದ ದಾರಿ.

ಬಾವಿಯ ವಿಷಯ. ಸೊಂಟದೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಸುತ್ತಲೂ ವೆಲ್ಡಿಂಗ್. ಒಳಗೆ ನೀರಿಲ್ಲ, ಹತ್ತಡಿ ಕೆಳಗೆ ಕಲ್ಲುಮಣ್ಣು ತುಂಬಿದ್ದಾರೆ. ನಾನೇ ಹೋಗಿ ನೋಡಿದ್ದೇನೆ. ಜಾಲರಿಯೊಳಗೆ ಕೈ ಮಣಿಕಟ್ಟಿನವರೆಗೆ ಹೋಗುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಇನ್ನು ಕಾರ್ಯಕ್ರಮದ ವಿಷಯ. ಅದನ್ನು ಹೇಳದೆ ಏನೂ ಅರ್ಥವಾಗುವುದಿಲ್ಲ. ರಾತ್ರಿ ಹನ್ನೊಂದೂವರೆಗೆ 'ಇದೇ ದಿನ' ಅಂತ ಬರುತ್ತಿತ್ತು. ಪಾಪ್ ಮತ್ತು ರಾಕ್ ಸಂಗೀತದಲ್ಲಿ ಹಿಂದೆ ಯಾವತ್ತೋ ಇದೇ ತಾರೀಖಿನಂದು ಏನೇನಾಯಿತು ಅನ್ನುವುದು. ಒಂದು ತಂಡ ಜಗಳಾಡಿ ಒಡೆದದ್ದು, ಒಬ್ಬ ಹಾಡುಗಾರ ಹುಟ್ಟಿದ್ದು, ಯಾರದೋ ಮೊದಲ ರೆಕಾರ್ಡು ಅಂಗಡಿಗೆ ಬಂದದ್ದು, ಹೀಗೆ. ದಿನಕ್ಕೆ ಐದು ಸಂಗತಿ, ಐದು ಹಾಡು. ವರ್ಷದ ಎಲ್ಲ ತಾರೀಖಿಗೂ ಒಂದೊಂದು ಕಾರ್ಡು ಮಾಡಿ, ಮರದ ಡ್ರಾಯರಿನಲ್ಲಿ ಜೋಡಿಸಿಟ್ಟಿದ್ದರು. ಅವತ್ತಿನ ಕಾರ್ಡು ತೆಗೆಯುವುದು, ಓದುವುದು, ವಾಪಸು ಇಡುವುದು. ಇಷ್ಟೇ ಕೆಲಸ.

ಆದರೆ ಒಂದು ತಾರೀಖಿನ ಕಾರ್ಡಿನಲ್ಲಿ ನಾಲ್ಕೇ ಸಂಗತಿ ಇತ್ತು.

ಅಣ್ಣ ಅದನ್ನು ಗಮನಿಸಿದ್ದು ಮೈಕಿನ ಮುಂದೆ ಕೂತ ಮೇಲೆ. ನಾಲ್ಕನೆಯ ಹಾಡು ಮುಗಿಯುತ್ತಾ ಬಂದಿತ್ತು. ಗಾಜಿನ ಆಚೆ ಸೌಂಡ್ ಟೆಕ್ನೀಷಿಯನ್ ಕೂತಿದ್ದ. ಅವನನ್ನು ಎಲ್ಲರೂ 'ಮೀಟರ್' ಅಂತಲೇ ಕರೆಯುವುದು. ಬೆಂಕಿ ಬಿದ್ದರೂ ಶಬ್ದದ ಮಟ್ಟ ತೋರಿಸುವ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯುವ ಗಿರಾಕಿ ಅಲ್ಲ. ಅವನು ಕೈಯೆತ್ತಿ ಐದು ಬೆರಳು ತೋರಿಸಿದ. ಅಣ್ಣನಿಗೆ ಏನೂ ತೋಚಲಿಲ್ಲ. ಬರುವಾಗ ದಾಟಿ ಬಂದ ಬಾವಿ ನೆನಪಾಯಿತು. ಬಾಯಿಗೆ ಬಂದದ್ದು ಹೇಳಿಬಿಟ್ಟ.

"ಇದೇ ದಿನ, ಬಹಳ ವರ್ಷಗಳ ಹಿಂದೆ, ಒಂದು ಸಣ್ಣ ತಂಡದ ಡ್ರಮ್ಮರ್ ಕಾರ್ಯಕ್ರಮ ಮುಗಿಸಿ ಒಬ್ಬನೇ ಮನೆಗೆ ನಡೆದು ಹೋಗುತ್ತಾ, ದಾರಿ ಬದಿಯ ಬಾವಿಗೆ ಬಿದ್ದು ತೀರಿಕೊಂಡ."

ಹಾಡು ಹಾಕಿದ ಮೇಲೆ ಮೀಟರ್ ಕೇಳಿದನಂತೆ. "ಯಾವ ತಂಡ ಸಾರ್ ಅದು?"

"ಸಣ್ಣ ತಂಡ ಅಂದೆನಲ್ಲ."

"ಸಣ್ಣ ತಂಡಕ್ಕೆ ಸಾವು ಮಾತ್ರ ದೊಡ್ಡದು ಕೊಟ್ರಿ ಬಿಡಿ."

ಇಬ್ಬರೂ ನಕ್ಕರು. ಅಣ್ಣ ಕಾರ್ಡಿನ ಕೊನೆಯಲ್ಲಿ ಐದು ಅಂತ ಅಂಕಿ ಹಾಕಿ ಅದನ್ನೂ ಬರೆದಿಟ್ಟ. ಇದು ಮೊದಲನೇ ವರ್ಷ.

ಎರಡನೇ ವರ್ಷ ಅದೇ ತಾರೀಖು ಬಂತು. ಬರೀ ಬಿದ್ದು ಸತ್ತ ಅಂದರೆ ಸಪ್ಪೆ ಅನ್ನಿಸಿ ಒಂದಿಷ್ಟು ಸೇರಿಸಿದ. ಡ್ರಮ್ಮರಿನ ಜೇಬಿನಲ್ಲಿ ಬಾರಿಸುವ ಕಡ್ಡಿಗಳಿದ್ದವು, ಅವನು ಬಾವಿಯ ಗೋಡೆಗೆ ಅವುಗಳಿಂದ ಬಡಿಯುತ್ತಾ ಇದ್ದ, ಹಾಡು ಶುರುಮಾಡುವ ಮುಂಚೆ ಬಡಿಯುವ ಹಾಗೆ, ನಾಲ್ಕು ನಾಲ್ಕು ಏಟು. ಅವತ್ತು ಒಂಬತ್ತು ಜನ ಫೋನ್ ಮಾಡಿದರು. ಒಬ್ಬಾಕೆ ಅತ್ತಳಂತೆ. ಮ್ಯಾನೇಜರ್ ಕರೆದು ಬೆನ್ನು ತಟ್ಟಿದರು.

ಮೂರನೇ ವರ್ಷ ಇನ್ನೂ ಒಂದು ವಾಕ್ಯ ಸೇರಿಸಿದ. ಈ ವಾಕ್ಯವೇ ಮುಖ್ಯ. "ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರಿಗೆ ಆ ಶಬ್ದ ಕೇಳಿಸಿತ್ತು. ಕೇಳಿಸಿಯೂ ಅವರು ನಿಲ್ಲಲಿಲ್ಲ."

ಅದಾಗಿ ಅರ್ಧ ಗಂಟೆಗೆ ಅತ್ತಿಗೆ ಬಾವಿಯ ಹತ್ತಿರ ನಿಂತದ್ದು.

ಅತ್ತಿಗೆ ಈ ಕತೆಯನ್ನು ಕೇಳಿಯೇ ಇರಲಿಲ್ಲ. ಲಾಂಡ್ರಿಯ ಯಂತ್ರಗಳ ಗದ್ದಲದಲ್ಲಿ ರೇಡಿಯೋ ಹಾಕುವ ಹಾಗೇ ಇಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

"ಏನು ಕೇಳಿಸ್ತು?" ಅಂದ ಅಣ್ಣ.

"ಬಾವೀಲಿ ಯಾರೋ ಬಡೀತಿದಾರೆ."

ಟಕ್... ಟಕ್... ಟಕ್... ಟಕ್.

ಒಣಗಿದ ಮರ ಕಲ್ಲಿಗೆ ತಾಗಿದ ಶಬ್ದ. ನಾಲ್ಕು ಏಟು, ಆಮೇಲೆ ಮೌನ. ನಾಲ್ಕು ಎಣಿಸಿದ ಮೇಲೆ ಹಾಡು ಶುರುವಾಗಬೇಕಲ್ಲ. ಆಗಲಿಲ್ಲ. ಮತ್ತೆ ನಾಲ್ಕು.

"ಪೈಪು ಇರ್ಬೇಕು ಕಣೇ. ನಡಿ."

"ಪೈಪು ಎಣಿಸ್ಕೊಂಡು ಬಡಿಯುತ್ತೇನ್ರೀ?"

"ನಡೀ ಅಂದೆ."

"ಯಾರೋ ಒಳಗಿದಾರೆ ರೀ... ಒಂದು ನಿಮಿಷ..."

ಅಣ್ಣ ಅವರ ಕೈ ಹಿಡಿದು ಎಳೆದುಕೊಂಡೇ ಹೊರಟ. ಅವನಿಗೆ ಆಗ ಗೊತ್ತಾಗಿದ್ದು ಒಂದೇ, ಅಲ್ಲಿಂದ ದೂರ ಹೋಗಬೇಕು. ಇಪ್ಪತ್ತು ಹೆಜ್ಜೆ ಹೋಗಿದ್ದರೋ ಏನೋ. ಹಿಂದೆ ಟಕ್... ಟಕ್... ಟಕ್... ಅಷ್ಟಕ್ಕೇ ನಿಂತಿತು.

"ನಿಲ್ಲಿಸಿಬಿಟ್ಟ," ಅಂದರು ಅತ್ತಿಗೆ ಮೆಲ್ಲಗೆ. "ನಾವು ಹೋಗಿದ್ದು ಗೊತ್ತಾಯ್ತು ಅವನಿಗೆ."

ಮನೆಗೆ ಬಂದವರೇ ಅತ್ತಿಗೆ ಫೋನ್ ಕೈಗೆತ್ತಿಕೊಂಡರು.

"ಯಾರಿಗೆ ಮಾಡ್ತಿದೀಯ?"

"ಪೊಲೀಸ್‌ಗೆ. ಒಂದು ಜೀವ ರೀ ಅದು."

"ಅಲ್ಲಿ ಯಾರೂ ಇಲ್ಲ."

"ನಿಮಗೆ ಹೇಗೆ ಗೊತ್ತು?"

"ಯಾಕಂದ್ರೆ... ಅವನನ್ನ ಮಾಡಿದ್ದೇ ನಾನು."

ಎಲ್ಲವನ್ನೂ ಹೇಳಿದ. ಅತ್ತಿಗೆಗೆ ಮೊದಲು ನಗು ಬಂತಂತೆ. "ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಒಂದು ಕುರ್ಚಿಯ ಕಾಲು ನೆಟ್ಟಗೆ ಮಾಡಿಲ್ಲ, ಮನುಷ್ಯನ್ನ ಮಾಡಿದಾರಂತೆ!" ಅಂದರು. ಆಮೇಲೆ ನಗು ನಿಂತಿತು. "ಹಾಗಾದ್ರೆ ನಾನು ಕೇಳಿದ್ದೇನು?"

ಬೆಳಿಗ್ಗೆ ಅತ್ತಿಗೆ ಒಬ್ಬರೇ ಹೋಗಿ ಬಾವಿ ನೋಡಿ ಬಂದರು. ಜಾಲರಿ, ಮಣ್ಣು, ಒಂದು ಒಡೆದ ಬಕೆಟ್ಟು. ಆ ಬೀದಿ ಗುಡಿಸುವವನು, ತಾನು ಕೆಲಸಕ್ಕೆ ಸೇರುವ ಮೊದಲೇ ಅದನ್ನು ಮುಚ್ಚಿದ್ದರು ಅಂದ.

ಅವತ್ತಿನಿಂದ ಶಬ್ದ ಮನೆಗೆ ಬಂತು. ಅಂದರೆ ಅತ್ತಿಗೆಗೆ ಬಂತು, ಅಣ್ಣನಿಗೆ ಕೇಳಿಸುತ್ತಿರಲಿಲ್ಲ. ಬಚ್ಚಲಿನ ಗೋಡೆಯಲ್ಲಿ, ಮಂಚದ ತಲೆಯ ಕಡೆ, ಅನ್ನದ ಪಾತ್ರೆಯ ತಳದಲ್ಲಿ. ನಿದ್ದೆ ಹೋಯಿತು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಶಬ್ದ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ ಅಂದರು. ಆರನೆಯ ದಿನ ಲಾಂಡ್ರಿಯಲ್ಲಿ ಶಬ್ದ ಎಣಿಸುತ್ತಾ ನಿಂತವರು ಇಸ್ತ್ರಿಯನ್ನು ತಮ್ಮ ಎಡಗೈ ಮೇಲೆಯೇ ಒತ್ತಿಬಿಟ್ಟರು. ಸೂಪರ್‌ವೈಸರ್ ಮನೆಗೆ ಕಳಿಸಿದಳು. ನಾನು ನೋಡಲು ಹೋಗಿದ್ದೆ. ಕಣ್ಣು ಗುಳಿಬಿದ್ದು, ಅವರ ಗುರುತೇ ಸಿಗುತ್ತಿರಲಿಲ್ಲ. ನನ್ನೆದುರೇ ಅಣ್ಣನಿಗೆ ಹೇಳಿದರು.

"ನಾಲ್ಕನೇದು ತಡ ಆಗ್ತಿದೆ ರೀ. ಮೂರು ಬಡೀತಾನೆ... ಆಮೇಲೆ ಸುಧಾರಿಸ್ಕೊಳ್ತಾನೆ... ಆಮೇಲೆ ಒಂದು. ಕೈಲಿ ಶಕ್ತಿ ಇಲ್ಲ ಅವನಿಗೆ. ನಾಲ್ಕನೇದು ಬರೋವರೆಗೂ ನನಗೆ ಉಸಿರು ಬಿಡೋಕಾಗಲ್ಲ."

"ಏನು ಮಾಡ್ಲಿ ಹೇಳು."

"ಅಂಥವನು ಇರಲೇ ಇಲ್ಲ ಅಂತ ಹೇಳಿ. ಎಲ್ಲಿ ಹೇಳಿ ಹುಟ್ಟಿಸಿದ್ರೋ ಅಲ್ಲೇ ಹೇಳಿ."

"ಆ ತಾರೀಖು ಬರೋದು ಇನ್ನು ಮುಂದಿನ ವರ್ಷ ಕಣೇ."

"ಅಲ್ಲೀವರೆಗೆ ನಾನಿರಲ್ಲ," ಅಂದರು. ಕೋಪದಲ್ಲಿ ಅಂದದ್ದಲ್ಲ. ಹಾಲು ಮುಗಿದಿದೆ ಅನ್ನುವ ಹಾಗೆ ಅಂದರು.

ಹತ್ತನೆಯ ರಾತ್ರಿ ಅಣ್ಣ ಹೇಳುತ್ತೇನೆಂದು ಒಪ್ಪಿಕೊಂಡ. ಅತ್ತಿಗೆ ಒಬ್ಬರೇ ಮನೆಯಲ್ಲಿರಲಾರೆ ಎಂದು ಅವನ ಜೊತೆಗೇ ಬಂದು ಸ್ಟುಡಿಯೋ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಅಲ್ಲಿಗೆ ಮೇಲಿನ ಮಾತು ಕೇಳಿಸುವುದಿಲ್ಲ.

ಒಳಗೆ ಏನಾಯಿತು ಅನ್ನುವುದು ಮೀಟರ್ ನನಗೆ ಹೇಳಿದ್ದು. ಐದನೆಯ ಹಾಡು ಮುಗಿಯಿತು. ಅಣ್ಣ ಕಾರ್ಡು ಪಕ್ಕಕ್ಕಿಟ್ಟು ಮೈಕಿಗೆ ಬಾಗಿದ. "ಹತ್ತು ದಿನದ ಹಿಂದೆ ಒಬ್ಬ ಡ್ರಮ್ಮರ್ ಬಗ್ಗೆ ಹೇಳಿದ್ದೆ..." ಅಂದ. ನಿಲ್ಲಿಸಿದ. ಮೂರು ಸೆಕೆಂಡ್ ಮುಳ್ಳು ಕೆಳಗೆ ಮಲಗಿಬಿಟ್ಟಿತು. ರೇಡಿಯೋದಲ್ಲಿ ಮೂರು ಸೆಕೆಂಡ್ ಮೌನ ಅಂದರೆ ಬಹಳ. ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡರೆ ನಾಳೆ ಕೆಲಸ ಇರುವುದಿಲ್ಲ. ಕೆಳಗೆ ಹೆಂಡತಿ ಕೂತಿದ್ದಾಳೆ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ಆ ಕತೆಯ ಕೊನೆ ಹೇಳುವುದು ಬಿಟ್ಟುಹೋಗಿತ್ತು. ನಿಲ್ಲದೆ ಹೋದ ಆ ಮನುಷ್ಯ ವಾಪಸು ಬಂದ. ಬಾವಿಯೊಳಗೆ ಕೈ ಚಾಚಿದ. ಡ್ರಮ್ಮರ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ಬಂದ. ಅವನು ಸಾಯಲಿಲ್ಲ. ನಮಸ್ಕಾರ."

ಮೀಟರ್ ಗಾಜಿನ ಆಚೆಯಿಂದ, "ಬದುಕಿಸಿಬಿಟ್ರಲ್ಲ ಸಾರ್!" ಅಂದ. ಅಣ್ಣ ಆ ಮಾತಿಗೆ ನಗಲಿಲ್ಲ. ಡ್ರಾಯರಿನಿಂದ ಹಳೇ ಕಾರ್ಡು ತೆಗೆದು, 'ತೀರಿಕೊಂಡ' ಅನ್ನುವುದನ್ನು ಹೊಡೆದುಹಾಕಿ, ಈ ಹೊಸ ಮಾತುಗಳನ್ನೇ ಬರೆದಿಟ್ಟು ಕೆಳಗಿಳಿದ.

"ಹೇಳಿದ್ರಾ?"

"ಹೇಳ್ದೆ."

"ಸುಳ್ಳು ಅಂತ ಹೇಳಿದ್ರಾ?"

"ಹೇಳ್ದೆ ಅಂದೆನಲ್ಲ."

ನಡೆದರು. ಡಿಪೋ ಗೋಡೆ ಮುಗಿಯಿತು. ಬಾವಿ ಬಂತು. ಅತ್ತಿಗೆ ಉಸಿರು ಹಿಡಿದು ನಿಂತರು. ಏನೂ ಇಲ್ಲ. ಎಲ್ಲೋ ದೂರದಲ್ಲಿ ಒಂದು ಸ್ಕೂಟರ್ ಗುರ್ರೆಂದು ಹೋಯಿತು, ಅಷ್ಟೇ. "ಹೋದ," ಅಂದರು. ಅಣ್ಣನಿಗೆ ಮಾತ್ರ ಬಲಗೈ ಭಾರವಾದ ಹಾಗೆ ಅನ್ನಿಸಿತಂತೆ. ಸುಸ್ತು ಅಂದುಕೊಂಡ. ಅತ್ತಿಗೆ ಮನೆಗೆ ಬಂದವರೇ ಚಪ್ಪಲಿ ಕೂಡ ಬಿಚ್ಚದೆ ಮಲಗಿ, ಮಾರನೇ ದಿನ ಹನ್ನೊಂದು ಗಂಟೆಗೆ ಎದ್ದರು. ಮುಖ ತಿಳಿಯಾಗಿತ್ತು. ಕಾಫಿ ಕುಡಿಯುತ್ತಾ ಕೇಳಿದರು.

"ನಿನ್ನೆ ನಿಮ್ಮ ಆ ಪಕ್ಕ ಬಂದವರು ಯಾರ್ರೀ? ಮೀಟರಾ?"

"ಯಾವ ಪಕ್ಕ?"

"ಬಲಗಡೆ. ಬಾವಿ ಹತ್ರದಿಂದ ಮನೆ ಬಾಗಿಲವರೆಗೂ ಕೈ ಹಿಡ್ಕೊಂಡೇ ಬಂದ್ರಲ್ಲ ಇಬ್ರೂ. ನನಗೆ ನಿದ್ದೆ ಎಳೀತಿತ್ತು, ಮಾತಾಡ್ಸೋಕಾಗ್ಲಿಲ್ಲ."

"ಮುಖ... ಹೇಗಿತ್ತು?"

ಅತ್ತಿಗೆ ಲೋಟ ಕೆಳಗಿಟ್ಟು ಯೋಚಿಸಿದರು. "ಮುಖ ನೋಡಿದ ನೆನಪೇ ಇಲ್ಲ ರೀ."

ಅಣ್ಣ ಮೂರು ವರ್ಷದಲ್ಲಿ ಅವನ ಮುಖದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಕಡ್ಡಿ ಹೇಳಿದ್ದ, ಜೇಬು ಹೇಳಿದ್ದ, ಕೈ ಹೇಳಿದ್ದ. ಗಟ್ಟಿಯಾಗಿ ಹಿಡಿದುಕೊಂಡ ಅಂತ ಹೇಳಿದ್ದ. ಬಿಟ್ಟ ಅಂತ ಹೇಳಿರಲಿಲ್ಲ.

ಆಗಲೇ ಅವನು ತನ್ನ ಬಲಗೈ ನೋಡಿಕೊಂಡದ್ದು. ಬೆರಳು ಅರ್ಧ ಮಡಚಿದ್ದವು, ಬಿಚ್ಚಲು ಹೋದರೆ ಬರಲಿಲ್ಲ. ಎಕ್ಸ್‌ರೇ ತೆಗೆಸಿದರು. ಮೂಳೆ ಸರಿ ಇದೆ, ನರ ಸರಿ ಇದೆ, ಎಲ್ಲ ಸರಿ ಇದೆ ಅಂದರು ಡಾಕ್ಟರು.

ಮೈಕಿನ ಕೆಲಸ ಹೇಗೂ ಹೋಯಿತು. ಆ ಡ್ರಮ್ಮರ್ ಯಾವ ತಂಡದವನು ಅಂತ ಯಾರೋ ಕೇಳುಗರು ಪತ್ರ ಬರೆದರು, ಮ್ಯಾನೇಜರ್ ಹುಡುಕಿದರು, ಸಿಗಲಿಲ್ಲ. ಅಣ್ಣನನ್ನು ಮೈಕಿನಿಂದ ಎಬ್ಬಿಸಿ ರೆಕಾರ್ಡು ಜೋಡಿಸುವ ಕೋಣೆಗೆ ಹಾಕಿದರು. ಕಾರ್ಡುಗಳ ಡ್ರಾಯರಿಗೆ ಬೀಗ ಬಿತ್ತು, ಒಳಗಿನ ಆ ಕಾರ್ಡನ್ನು ಮಾತ್ರ ಯಾರೂ ತಿದ್ದಲಿಲ್ಲ. ಅವನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿಯ ಹತ್ತಿರ ಅಣ್ಣ ಹೋಗಿ ಕೈಮುಗಿಯಲು ನೋಡಿ, ಒಂದೇ ಕೈ ಎತ್ತಿ ಕೇಳಿಕೊಂಡ. "ಒಂದು ವಾಕ್ಯ ಹೇಳಮ್ಮ ಸಾಕು. ಆಮೇಲೆ ಅವನು ಕೈ ಬಿಟ್ಟು ತನ್ನ ದಾರಿ ಹಿಡಿದು ಹೋದ, ಅಂತ."

"ಕಾರ್ಡಲ್ಲಿ ಇಲ್ವಲ್ಲ ಸಾರ್," ಅಂದಳು ಅವಳು. "ಇಲ್ಲದ್ದನ್ನ ಓದಿ ನಿಮ್ಮ ಹಾಗೆ ನಾನೂ ಎದ್ದು ಹೋಗ್ಲಾ?"

ಅದೂ ಸರಿಯೇ. ಆ ತಾರೀಖು ಬಂದಾಗ ಅವಳು ಕಾರ್ಡಿನಲ್ಲಿದ್ದಷ್ಟನ್ನು ಓದಿದಳು. ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ಬಂದ, ಸಾಯಲಿಲ್ಲ ಅನ್ನುವಲ್ಲಿಗೆ ನಿಲ್ಲಿಸಿ ಹಾಡು ಹಾಕಿದಳು. ನಾನೇ ಕೇಳಿದ್ದೇನೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅತ್ತಿಗೆ ಈಗ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಲಾಂಡ್ರಿಗೆ ಹೋಗುತ್ತಾರೆ, ಬೇಕಾದರೆ ಅವರನ್ನೇ ಕೇಳಿ. ಹೋದ ತಿಂಗಳು ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ನಮ್ಮದು ಸಣ್ಣ ಮನೆ, ಬಾಗಿಲುಗಳು ಕಿರಿದು. ಅಣ್ಣ ಸಣಕಲ. ಆದರೂ ಪ್ರತಿ ಬಾಗಿಲಲ್ಲೂ ಅವನು ನಿಂತ, ಅಡ್ಡ ತಿರುಗಿದ, ಮೊದಲು ತಾನು ದಾಟಿದ, ಆಮೇಲೆ ಬಲಗೈಯನ್ನು ಹಿಂದೆ ಚಾಚಿಕೊಂಡೇ ಸ್ವಲ್ಪ ಹೊತ್ತು ಕಾದ. ಇನ್ನೊಬ್ಬರು ದಾಟುವಷ್ಟು ಹೊತ್ತು.