ಕುಯ್ದು ಅಳೆದ ಕಾಲು

"ಹಲೋ... ಹಾಂ, ಟೆಸ್ಟಿಂಗ್ ಲ್ಯಾಬೇ. ಯಾರು ಮಾತಾಡ್ತಿರೋದು?... ಓ, ಆ ಓಟದ ಕಾಲು! ಅದು ನಿಮ್ದೇನಾ ಅಮ್ಮ? ನಿಮ್ಮ ಯಜಮಾನ್ರು ತಂದುಕೊಟ್ಟಿದ್ರಲ್ಲ."

ಲ್ಯಾಬಿನ ಮುಖ್ಯಸ್ಥರು ಮುಂದಿದ್ದ ತಟ್ಟೆಯತ್ತ ನೋಡಿದರು. ಕಾರ್ಬನ್ ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಕೂರಿಸಿ ಬೇಯಿಸಿದ, ಕುಡುಗೋಲಿನಂತೆ ಬಾಗಿದ ಕೃತಕ ಕಾಲು ಅದರಲ್ಲಿ ತುಂಡುತುಂಡಾಗಿ ಬಿದ್ದಿತ್ತು. ಕಡ್ಡಿ ಮುರಿದ ಹಾಗೆ ಮಾತಾಡುವುದು ಅವರ ಹುಟ್ಟುಗುಣ.

"ವಾಪಸ್ಸಾ?... ನಾಡಿದ್ದು ಸೆಲೆಕ್ಷನ್ ಓಟ ಇದ್ರೆ ನಾನೇನಮ್ಮ ಮಾಡ್ಲಿ? ಅದನ್ನ ಕುಯ್ದಾಯ್ತಲ್ಲ."

...

"ಹಾಂ, ಕುಯ್ಯಲೇಬೇಕು. ಬೇಯಿಸಿ ಆರಿಸುವಾಗ ಒಂದೊಂದು ಪದರ ಒಂದೊಂದು ಕಡೆ ಎಳೆಯುತ್ತೆ. ಆ ಎಳೆತ ಒಳಗೇ ಉಳ್ಕೊಳ್ಳುತ್ತೆ, ಹೊರಗೆ ಕಾಣಲ್ಲ. ಪದರ ಬಿಡಿಸಿದಾಗ ಉಳಿದದ್ದು ಎಷ್ಟು ಬಾಗುತ್ತೋ ಅದರ ಮೇಲೆ ಲೆಕ್ಕ. ಹಣೆ ಮುಟ್ಟಿ ನೋಡೋಕೆ ಇದೇನು ಜ್ವರಾನಾ?"

...

"ಏನಂದ್ರಿ? ಓಡುವಾಗ ಟಿಕ್ ಅಂತಿದ್ದದ್ದು ಹಳೇ ಕಾಲಾ? ಪರೀಕ್ಷೆಗೆ ಕೊಡ್ಬೇಕಿದ್ದದ್ದು ಅದನ್ನಾ? ಪಾಪ, ಅವರು ಗೊತ್ತಿಲ್ದೆ ಹೊಸದನ್ನ ಕೊಟ್ರಾ? ನಾನಾದ್ರೂ ಕೇಳ್ಬೇಕಿತ್ತಾ?"

ಮುಖ್ಯಸ್ಥರಿಗೆ ಪಿತ್ತ ನೆತ್ತಿಗೇರಿತು. ಕೆಲಸದಲ್ಲಿ ಅವರ ತಪ್ಪು ಹಿಡಿದವರು ಇದುವರೆಗೆ ಯಾರೂ ಇರಲಿಲ್ಲ.

"ನನ್ನ ಮೇಲೆ ಗೂಬೆ ಕೂರಿಸ್ಬೇಡಿ. ಕಾರಿನ ಡಿಕ್ಕೀಲಿ ಎರಡೂ ಇತ್ತು. ಸದ್ದು ಬರೋದು ಯಾವುದು ಅಂದೆ. ಹಳೇದು ಅಂದ್ರು, ಹೊಸದನ್ನ ಕೈಗಿಟ್ರು. ಕುಯ್ದ ಮೇಲೆ ಕೆಲಸಕ್ಕೆ ಬರಲ್ಲ ಸ್ವಾಮಿ ಅಂತ ಬಿಡಿಸಿ ಹೇಳ್ದೆ. 'ಕುಯ್ರಿ, ಆಗಲಾದ್ರೂ ಮನೇಲಿ ಕೂರ್ತಾಳೆ' ಅಂದ್ರು. ಗರಗಸ ಆಡುವಾಗ ಇನ್ನೊಂದು ತುದಿ ಹಿಡ್ಕೊಂಡಿದ್ದೂ ಅವರೇ... ಹಲೋ? ಇದೀರಾ?"

...

ಬಿಕ್ಕುವ ಸದ್ದು ಕೇಳಿ ಅವರಿಗೆ ಕಸಿವಿಸಿಯಾಯಿತು. ಒಂದು ಒಳ್ಳೆಯ ಮಾತು ಆಡಿದರೆ ಸಮಾಧಾನವಾದೀತು ಎಂದುಕೊಂಡರು.

"ಅಳಬೇಡಿ ಅಮ್ಮ. ನಿಮ್ಮ ಕಾಲಿನೊಳಗೆ ಎಳೆತ ಇದ್ದೂ ಇಲ್ಲದ ಹಾಗಿತ್ತು. ಇಷ್ಟು ಚೆನ್ನಾಗಿರೋದನ್ನ ನಾನು ನೋಡೇ ಇಲ್ಲ. ಇನ್ನೂ ಎಷ್ಟೋ ವರ್ಷ ಓಡ್ಬಹುದಿತ್ತು."

...

"ಹಾಂ? ಹಳೇದನ್ನೇ ಹಾಕ್ಕೊಂಡು ಓಡ್ತೀರಾ? ಭೇಷ್. ಯಜಮಾನ್ರು ಅಲ್ಲೇ ಇದ್ರೆ ಫೋನ್ ಕೊಡಿ... ಇಲ್ವಾ? ಕಾರು ತಗೊಂಡು ಹೋದ್ರಾ? ಹಳೇ ಕಾಲು ಡಿಕ್ಕೀಲೇ ಇದೆಯಾ?... ಸರಿ, ಹಾಗಾದ್ರೆ ಇಲ್ಲಿಗೇ ಬರ್ತಿರ್ಬೇಕು. ಆಗಲೇ ಫೋನ್ ಮಾಡಿ 'ಹಳೇದನ್ನೂ ಕುಯ್ದು ನೋಡಿಬಿಡಿ, ಇವತ್ತೇ ತರ್ತೀನಿ' ಅಂದಿದ್ರು... ಹಲೋ?... ಹಲೋ?..."

ಲೈನು ಕಟ್ಟಾಗಿತ್ತು. ಹೊರಗೆ ಕಾರು ಬಂದು ನಿಂತ ಸದ್ದಾಯಿತು. ಮುಖ್ಯಸ್ಥರು ಎದ್ದು ಹೋಗಿ ಬಾಗಿಲು ತೆಗೆದರು.